ಕುಕ್ಕರ್ ಸೀಟಿ ಹೊಡೆಯುವ ಮುಂಚೆ

ಅಕ್ಕಲಕೋಟದ ಮಠದಲ್ಲಿ ಮಧ್ಯಾಹ್ನದ ಆರತಿಯ ಹೊತ್ತಿಗೆ ನನ್ನ ಅಕ್ಕನ ಮಗಳು ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಗಂಟೆ, ಜಾಗಟೆ, ನಗಾರಿ ಎಲ್ಲ ಒಟ್ಟಿಗೆ ಶುರುವಾಗಿದ್ದವು. ಅವಳು ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ಬಾಯಿಂದ ಒಂದೇ ಸ್ವರದ ಊಂ ಎಂಬ ಸದ್ದು ಬರುತ್ತಿತ್ತು. ಪಕ್ಕದಲ್ಲಿ ಚಪಳಗಾಂವದ ಕಡೆಯಿಂದ ಬಂದ ಹೆಂಗಸರ ಗುಂಪೊಂದಿತ್ತು. ಅವರಲ್ಲೊಬ್ಬಳು, "ಪೋರಿ ಮೈಯಾಗ ದೇವ್ರು ಬಂದಾನ ನೋಡ್ರಿ" ಅಂದಳು. ಇನ್ನೊಬ್ಬಳು ಬಾಗಿ ಹುಡುಗಿಯ ಕಾಲು ಮುಟ್ಟಿದಳು. ಮತ್ತೊಬ್ಬಳು ಅವಳ ಹಣೆಗೆ ಕುಂಕುಮ ಹಚ್ಚಲು ಕೈ ಚಾಚಿದಾಗ ಹುಡುಗಿ ಕಿರುಚಿದ ರೀತಿಗೆ ಆರತಿಯೇ ಅರೆಕ್ಷಣ ನಿಂತಿತು.

ಇದು ನನ್ನ ನೆನಪು. ನನ್ನ ಅವ್ವನ ನೆನಪಿನಲ್ಲಿ ಯಾರೂ ಕಾಲು ಮುಟ್ಟಲಿಲ್ಲ, ದೂರದಿಂದ ಕೈ ಮುಗಿದರು ಅಷ್ಟೆ. ಆರತಿಯಂತೂ ಯಾರಿಗಾಗಿಯೂ ನಿಲ್ಲುವುದಿಲ್ಲ ಎಂದು ಅವಳ ವಾದ. ಅಕ್ಕನಿಗೆ ಕುಂಕುಮ ನೆನಪಿದೆ, ಹೆಂಗಸರು ನೆನಪಿಲ್ಲ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಿದರೆ ಅನುಮಾನ ಪಡಬೇಕು ಎಂದು ಅಲ್ಲಿ ಕಲಿಸಿದ್ದರು. ಮನೆಯ ಸಾಕ್ಷಿಗಳು ಒಬ್ಬೊಬ್ಬರು ಒಂದೊಂದು ಹೇಳಿದಾಗ ಏನು ಮಾಡಬೇಕು ಎಂಬುದನ್ನು ಕಲಿಸಿರಲಿಲ್ಲ. ಆದರೆ ಒಂದು ವಿಷಯದಲ್ಲಿ ನಾವೆಲ್ಲ ಒಪ್ಪುತ್ತೇವೆ. ಆ ದಿನ ಸೊಲ್ಲಾಪುರಕ್ಕೆ ವಾಪಸು ಹೋದ ಮೇಲೆ ಹುಡುಗಿ ಓಣಿಗೆ ಇಳಿಯಲಿಲ್ಲ. ಶಾಲೆ ನಿಂತಿತು. ಅವಳು ಮತ್ತೆ ಹೊರಗೆ ಹೋಗುತ್ತಾಳೋ, ಇಲ್ಲ ಮನೆಯ ಎರಡು ಕೋಣೆಯಲ್ಲೇ ಉಳಿದುಬಿಡುತ್ತಾಳೋ ಎಂಬುದು ಅಲ್ಲಿಂದ ಮುಂದೆ ಅಕ್ಕನ ಮನೆಯ ಒಂದೇ ಪ್ರಶ್ನೆಯಾಯಿತು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಅಕ್ಕನ ಮನೆ ವಿಜಾಪುರ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಭಾವ ರೈಲ್ವೆ ಆಫೀಸಿನಲ್ಲಿ ಕ್ಲಾರ್ಕ್. ನಾನು ಅಕ್ಕಲಕೋಟದಲ್ಲಿ ಅವ್ವನ ಜೊತೆ ಇದ್ದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಒಂದೇ ಊರಿನಲ್ಲಿ ವಾರವಿಡೀ ಕೂರುವುದು ನನ್ನಿಂದ ಆಗದ ಕೆಲಸ. ಶನಿವಾರ ತಾಸು ಮುಗಿದದ್ದೇ ಎಸ್.ಟಿ. ಬಸ್ ಹತ್ತಿ ಸೊಲ್ಲಾಪುರಕ್ಕೆ ಬಂದುಬಿಡುತ್ತಿದ್ದೆ.

ಹುಡುಗಿಗೆ ಆಗ ಹದಿನೈದರ ಆಸುಪಾಸು. ಚಿಕ್ಕಂದಿನಿಂದ ಮಾತು ಕಡಿಮೆ. ಬೇಕಾದಾಗ ಆಡುತ್ತಿದ್ದಳು, ಅದೂ ಒಂದೆರಡು ಶಬ್ದ. ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಸೊಲ್ಲಾಪುರದ ಚಾದರ ಅಂದರೆ ಮಾತ್ರ ಅವಳಿಗೆ ಜೀವ. ಮನೆಯಲ್ಲಿದ್ದ ಒಂದೊಂದು ಚಾದರದ ಹೂವು, ಬಳ್ಳಿ, ಅಂಚನ್ನೂ ಚೌಕಳಿ ಕಾಗದದ ಮೇಲೆ ಚೌಕ ತುಂಬಿ ತುಂಬಿ ಬರೆಯುತ್ತಿದ್ದಳು. ಹಠಾತ್ತಾಗಿ ಬರುವ ಸದ್ದು ಮೊದಲಿನಿಂದಲೂ ಅವಳಿಗೆ ಆಗುತ್ತಿರಲಿಲ್ಲ. ವಯಸ್ಸಿಗೆ ಬಂದ ಮೇಲೆ ಅದು ವಿಪರೀತವಾಯಿತು. ತೋರಿಸಿದ ಡಾಕ್ಟರುಗಳಲ್ಲಿ ಒಬ್ಬರು ಹಟ ಅಂದರು, ಒಬ್ಬರು ನಿದ್ದೆ ಬರುವ ಗುಳಿಗೆ ಕೊಟ್ಟರು. ಅವ್ವ ಮಠಕ್ಕೆ ಕರೆದುಕೊಂಡು ಹೋಗೋಣ ಅಂದಳು. ನಾನು ಬೇಡ ಅಂದಿದ್ದೆ ಎಂದು ನೆನಪು. ಅವ್ವನ ಪ್ರಕಾರ ನಾನೇ ರಿಕ್ಷಾ ತಂದವನು.

ಧಾರವಾಡದಲ್ಲಿ ನನ್ನ ಜೊತೆಗೆ ಓದಿದ ಒಬ್ಬ ಗೆಳತಿ ಮನಶ್ಶಾಸ್ತ್ರ ಹಿಡಿದು ಪುಣೆಗೆ ಹೋಗಿ, ಅಲ್ಲಿ ಇಂಥ ಮಕ್ಕಳನ್ನೇ ನೋಡುತ್ತಿದ್ದಳು. ವಿಜಾಪುರದ ಕಡೆಯವಳು. ಯಾವುದೋ ಮದುವೆಗೆಂದು ಸೊಲ್ಲಾಪುರಕ್ಕೆ ಬಂದವಳನ್ನು ಅಕ್ಕನ ಮನೆಗೆ ಕರೆತಂದೆ. ಅವಳು ಹುಡುಗಿಯ ಹತ್ತಿರ ಮಾತಾಡಲೇ ಇಲ್ಲ. ನೆಲದ ಮೇಲೆ ಕೂತು ತಾನೂ ಒಂದು ಕಾಗದದಲ್ಲಿ ಚೌಕ ತುಂಬುತ್ತ ಇಡೀ ಮಧ್ಯಾಹ್ನ ಕಳೆದಳು. ಆಮೇಲೆ ಅಕ್ಕನಿಗೆ ಹೇಳಿದಳು:

"ಹಟ ಅಲ್ಲಿದು, ಅಂಜಿಕಿ. ಆಟಿಸಂ ಅಂತಾರ. ಅದು ಹೋಗೂದಿಲ್ಲ, ಹೋಗಬೇಕಂತನೂ ಇಲ್ಲ. ಅಕಿ ಇರೂದ ಹಂಗ. ಆದ್ರ ಈ ವಯಸ್ಸಿನ್ಯಾಗ ಅಂಜಿಕಿ ಭಾಳ ಆಗ್ತದ, ಅದನ್ನ ಕಡಿಮಿ ಮಾಡಬಹುದು."

"ಔಷಧ ಏನ್ರಿ?"

"ಮಾತು."

"ಅಯ್ಯ, ಮಾತ ಆಡೂದಿಲ್ಲಲ್ರಿ ಅಕಿ!" ಅಂದಳು ಅಕ್ಕ.

ಮೊದಲು ಫೋನಿನಲ್ಲಿ ಪ್ರಯತ್ನವಾಯಿತು. ವಾರಕ್ಕೊಮ್ಮೆ ಪುಣೆಯಿಂದ ಫೋನು ಬರುವುದು, ಹುಡುಗಿ ರಿಸೀವರ್ ಹಿಡಿದು ಕೇಳುವುದು, ಸಾಧ್ಯವಾದರೆ ಉತ್ತರ ಕೊಡುವುದು ಎಂದು ಗೊತ್ತುಮಾಡಿದೆವು. ಫೋನು ನಡುಮನೆಯಲ್ಲಿತ್ತು. ಅದು ರಿಂಗಾದರೆ ಎಲ್ಲರೂ ಸುತ್ತ ಸೇರುವುದು ನಮ್ಮ ಮನೆಯ ಪದ್ಧತಿ. ದೂರದ ಊರಿನಿಂದ ಮಾತಾಡುವವರನ್ನು ಕಾಯಿಸುವುದು ಮರ್ಯಾದೆಯಲ್ಲ, ಸುಮ್ಮನಿರುವುದಂತೂ ಅಪಮಾನವೇ ಸರಿ. ಹುಡುಗಿ ಅರೆಗಳಿಗೆ ತಡೆದರೆ ಸಾಕು, ಅಕ್ಕ, "ಹೇಳವ್ವಾ, ಡಾಕ್ಟರ್ ಬಾಯಾರು ಕೇಳಾಕತ್ತಾರ" ಎಂದು ಭುಜ ತಿವಿಯುತ್ತಿದ್ದಳು. ಭಾವ ರಿಸೀವರ್ ಕಸಿದುಕೊಂಡು, "ನಮಸ್ಕಾರ್ರಿ ಮ್ಯಾಡಂ, ಊಟ ಆತೇನ್ರಿ?" ಅನ್ನುತ್ತಿದ್ದರು. ಒಮ್ಮೆ ಮೊಸರಿನ ಹೆಪ್ಪಿಗೆ ಬಂದ ಮಗ್ಗುಲ ಮನೆಯ ಕಾಕು ಕೂಡ ಫೋನು ತೆಗೆದುಕೊಂಡು, "ಅಕಿಗಿ ನಿದ್ದಿ ಬರೋಬರ್ ಇಲ್ರಿ ಬಾಯಿ. ನನಗೂ ಇಲ್ಲ. ನಂದೂ ಒಂದೀಟು ಕೇಳ್ರಿ" ಎಂದು ಶುರುಮಾಡಿದಳು.

ಗೆಳತಿ ನನಗೆ ಬೇರೆಯಾಗಿ ಫೋನು ಮಾಡಿ, "ನಿಮ್ಮ ಗಲ್ಲಿಯವರ ಹೊಟ್ಟಿ, ನಿದ್ದಿ ಎಲ್ಲಾ ತಿಳೀತು. ಹುಡುಗೀದೊಂದು ತಿಳೀಲಿಲ್ಲ" ಅಂದಳು.

ಕಟ್ಟಡದ ಮಾಲೀಕರ ಕಿರಿಯ ಮಗ ಆ ವರ್ಷವೇ ಕೆಳಗಿನ ಅಂಗಡಿಯಲ್ಲಿ ಇಂಟರ್‌ನೆಟ್ ಕೆಫೆ ತೆರೆದಿದ್ದ. ನಾಲ್ಕಾರು ಕಂಪ್ಯೂಟರು, ಪ್ಲೈವುಡ್ಡಿನ ಗೂಡುಗಳು. ಗೂಡುಗಳಿಗೆ ಬಾಗಿಲ ಬದಲು ಹಳೆಯ ಚಾದರಗಳನ್ನು ಇಳಿಬಿಟ್ಟಿದ್ದ. ಮೆಟ್ಟಿಲಿಳಿದು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಬಹುದಿತ್ತು, ಓಣಿಗೆ ಕಾಲಿಡಬೇಕಾಗಿರಲಿಲ್ಲ. ಚ್ಯಾಟ್ ಮಾಡೋಣ, ಅವಳು ಟೈಪ್ ಮಾಡಲಿ, ನಾನು ಇಲ್ಲಿಂದ ಟೈಪ್ ಮಾಡುತ್ತೇನೆ ಅಂದಳು ಗೆಳತಿ. ನನಗೆ ನಂಬಿಕೆ ಬರಲಿಲ್ಲ. ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಇದೆಂಥ ಚಿಕಿತ್ಸೆ? ಮಠದ ಬೂದಿ, ಅಂಗಾರ ಹಚ್ಚುವುದಕ್ಕೂ ಇದಕ್ಕೂ ಏನು ಫರಕು ಎಂದು ಕೇಳಿದೆ.

"ಅಂಗಾರ ಕೊಟ್ಟವರು ಮುಂದಿನ ವಾರ ಏನಾತು ಅಂತ ಕೇಳೂದಿಲ್ಲ. ನಾ ಕೇಳ್ತೀನಿ. ಏನೂ ಆಗಿಲ್ಲಂದ್ರ ಬದಲು ಮಾಡ್ತೀನಿ. ಅಷ್ಟ ಫರಕು," ಅಂದಳು. ಇತಿಹಾಸದವನಿಗೆ ಒಪ್ಪಿಗೆಯಾಗುವ ಉತ್ತರ ಅದು. ಆದರೂ ಒಪ್ಪಿದೆನೆಂದು ಹೇಳಲಿಲ್ಲ.

ಮೊದಲ ಶನಿವಾರ ಕೆಟ್ಟಿತು. ಆಗಿನ ಕಂಪ್ಯೂಟರು ಫೋನ್ ಲೈನಿಗೆ ಹತ್ತುವಾಗ ಮೋಡೆಮ್ ಎಂಬ ಪೆಟ್ಟಿಗೆ ಕೀಚಲು ದನಿಯಲ್ಲಿ ಅರಚಿ, ಗೊರಗೊರ ಅಂದು, ಕೊನೆಗೆ ಸುಸ್ಸೆಂದು ಸುಮ್ಮನಾಗುತ್ತಿತ್ತು. ಹುಡುಗಿ ಮೊದಲ ಕೀಚಲಿಗೇ ಮೆಟ್ಟಿಲು ಹತ್ತಿ ಓಡಿದಳು. ಮುಂದಿನ ವಾರ ತಾನಾಗಿಯೇ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದಳು. ಮತ್ತೊಮ್ಮೆ. ಪ್ರತಿ ಸಲವೂ ಅದೇ ಕ್ರಮದಲ್ಲಿ ಅದೇ ಸದ್ದು ಬರುತ್ತದೆ ಎಂದು ಖಾತ್ರಿಯಾದ ಮೇಲೆ ಒಳಗೆ ಬಂದು ಕೂತಳು. ಕೆಲವು ವಾರಗಳಲ್ಲಿ ಮೋಡೆಮ್ಮಿನ ಜೊತೆಗೆ ತಾನೂ ಸಣ್ಣ ದನಿಯಲ್ಲಿ ಆ ಸದ್ದು ಮಾಡುತ್ತಿದ್ದಳು. ಕೆಫೆಗೆ ಬಂದವರು ತಿರುಗಿ ನೋಡುತ್ತಿದ್ದರು.

ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಮನೆಮಾತು ಕನ್ನಡ. ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಟೈಪ್ ಮಾಡುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ, ಎರಡೂ ಮಾತು ಬೆರೆಸಿ. ಪರದೆಯ ಮೇಲೆ ಅವಳ ಸಾಲು ಬರಲು ಎಷ್ಟು ಹೊತ್ತು ಹಿಡಿದರೂ ಆ ಕಡೆಯಿಂದ ಹಲೋ ಹಲೋ ಎನ್ನುವವರಿರಲಿಲ್ಲ. ಅಕ್ಕನಿಗೆ ಚಾದರದ ಹೊರಗೆ ಕುರ್ಚಿ ಹಾಕಿಸಿದ್ದಾಯಿತು. ಗೂಡಿನೊಳಗೆ ಯಾರೂ ಬರಬಾರದೆಂದು ಗೆಳತಿಯ ಕಟ್ಟಪ್ಪಣೆ. ಅಕ್ಕ ಆ ಕುರ್ಚಿಯಲ್ಲಿ ಕೂತು ಕೀಲಿಗಳ ಟಕಟಕ ಕೇಳುತ್ತ, "ಮನ್ಯಾಗ ಇಷ್ಟು ಮಾತಾಡಿಲ್ಲ ಇಕಿ. ಪೆಟಗಿ ಮುಂದ ಏನ್ ಹೇಳಾಕತ್ತಾಳ?" ಎಂದು ನನ್ನನ್ನು ಕೇಳುತ್ತಿದ್ದಳು. ಆ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಹೇಳುತ್ತಿದ್ದದ್ದು ಏನೆಂದು ಆಮೇಲೆ ಗೆಳತಿ, ಹುಡುಗಿಯನ್ನು ಕೇಳಿಕೊಂಡೇ, ನಮಗೆ ಒಂದಿಷ್ಟು ತಿಳಿಸಿದಳು. ಅಂಜಿಕೆ ಎಷ್ಟು ಎಂದು ಒಂದರಿಂದ ಹತ್ತರೊಳಗೆ ಹೇಳು ಎಂದರೆ ಹುಡುಗಿ ಒಪ್ಪಿರಲಿಲ್ಲ. ಅಂಜಿಕೆಗೆ ಅಂಕಿ ಇರುವುದಿಲ್ಲ ಎಂದಿದ್ದಳು. ಅದರ ಬದಲು x ಎಂಬ ಕೀಲಿ ಒತ್ತುವುದೆಂದಾಯಿತು. ಚೌಕ ತುಂಬಿದ ಹಾಗೆ. ಸಣ್ಣ ಅಂಜಿಕೆಗೆ ಒಂದೆರಡು, ದೊಡ್ಡದಕ್ಕೆ ಸಾಲುಗಟ್ಟಲೆ. ಮಠದ ಬಗ್ಗೆ ಕೇಳಿದಾಗ ಬೆರಳು ಕೀಲಿಯ ಮೇಲೆಯೇ ಊರಿ ಪರದೆ ತುಂಬಿಸಿಬಿಟ್ಟಿದ್ದಳಂತೆ.

ಆ ದಿನಗಳಲ್ಲಿ ಗೆಳತಿ ಅಕ್ಕನಿಗೆ ಒಂದು ಸಲಹೆ ಕೊಟ್ಟಳು. ಹಠಾತ್ ಸದ್ದಿಗೆ ಅವಳು ಬೆಚ್ಚುತ್ತಾಳೆ, ಆದ್ದರಿಂದ ಸದ್ದಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಹೇಳಿಬಿಡಿ ಎಂದು. ಅಷ್ಟೇ. ಅಕ್ಕ ಅದನ್ನು ಮಗ್ಗುಲ ಮನೆಯ ಕಾಕುವಿಗೆ ಹೇಳಿದಳು. ಕಾಕು ಗಲ್ಲಿಗೆಲ್ಲ ಹೇಳಿದಳು.

ಅಲ್ಲಿಂದ ಶುರುವಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ವಿಷಯದಲ್ಲಿ ನನ್ನ ನೆನಪನ್ನು ಅಕ್ಕನೂ ಒಪ್ಪುತ್ತಾಳೆ. ಬೆಳಿಗ್ಗೆ ಚಿಲಕ ಬಡಿದ ಸದ್ದು. ಬಾಗಿಲಲ್ಲಿ ಎದುರು ಮನೆಯವಳು.

"ಅಕ್ಕಾರ, ಬ್ಯಾಳಿ ಇಡಾಕತ್ತೀನಿ. ಕುಕ್ಕರ್ ಸೀಟಿ ಹೊಡಿತದ, ಪೋರಿಗಿ ಹೇಳ್ರಿ."

ಅವಳು ಹೋಗುವ ಮುಂಚೆ ಇನ್ನೊಬ್ಬಳು. "ಗ್ವಾಡಿಗಿ ಮೊಳಿ ಬಡಿಯೂದದ್ರಿ. ನಮ್ಮ ಮಾವನೋರ ಫೋಟೋ ಹಾಕಬೇಕು."

"ನಮ್ಮವ್ರು ಸ್ಕೂಟರ್ ಕಿಕ್ ಹೊಡಿಯೂರದಾರ. ಚಾಲೂ ಆಗ್ತದೋ ಇಲ್ಲೋ, ಆ ದೇವ್ರಿಗೇ ಗೊತ್ತು. ಹೇಳಿ ಹೋಗೂಣಂತ ಬಂದೆ."

ಎಲ್ಲಕ್ಕಿಂತ ನಿಷ್ಠೆ ಕಾಕುವಿನದು. "ನಮ್ಮ ಮನಿಯವ್ರಿಗಿ ನೆಗಡಿ ಆಗೇದ," ಎಂದು ಒಂದು ದಿನ ಬಂದು ಹೇಳಿದಳು. "ಸೀನ್ತಾರ. ಯಾವಾಗ ಅಂತ ಹೇಳಾಕ ಬರೂದಿಲ್ಲ ನೋಡ್ರಿ, ಆದ್ರ ಸೀನೂದಂತೂ ನಕ್ಕಿ."

ನಮ್ಮ ಕಡೆ ಮನೆಗೆ ಬಂದು ಏನನ್ನಾದರೂ ಹೇಳುವ ಹೆಂಗಸನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸುವಂತಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರಿಗೆ ಹೇಗೋ ಹಾಗೆ. ಒಳಗೆ ಕರೆಯಬೇಕು, ಚಾಪೆ ಹಾಸಬೇಕು, ಚಹಾ ಇಡಬೇಕು, ಹೋಗುವಾಗ ಹಣೆಗೆ ಕುಂಕುಮ ಹಚ್ಚಬೇಕು. ಬೇಳೆ ಬೇಯುವ ಸುದ್ದಿ ತಂದವಳು ಕೂತು ಚಹಾ ಕುಡಿದು, "ಎಲ್ಲಿ, ಪೋರಿ ಎಲ್ಲಿ? ಅಂಜಬ್ಯಾಡವ್ವಾ, ಸೀಟಿ ಅಷ್ಟ" ಎಂದು ಒಳಕೋಣೆಗೆ ಇಣುಕಿ ಧೈರ್ಯ ಹೇಳಿ ಹೋಗುತ್ತಿದ್ದಳು. ಅಷ್ಟರಲ್ಲಿ ಅವಳ ಮನೆಯಲ್ಲಿ ಕುಕ್ಕರು ಕೂಗಿ ಮುಗಿದಿರುತ್ತಿತ್ತು. ದಿನಕ್ಕೆ ಅಕ್ಕ ಎಷ್ಟು ಸಲ ಚಹಾ ಇಡುತ್ತಿದ್ದಳೋ. ಹುಡುಗಿ ಮಾತ್ರ ಕಡಿಮೆ ತಿನ್ನತೊಡಗಿದಳು. ಚಾದರ ಹೊದ್ದು ಕಪಾಟಿನ ಸಂದಿಯಲ್ಲಿ ಕೂರತೊಡಗಿದಳು. ಕೆಫೆಗೆ ಇಳಿಯುವುದೂ ತಪ್ಪಿತು. ನಾನು ಪುಣೆಗೆ ಫೋನು ಮಾಡಿ, ನಿನ್ನ ಚಿಕಿತ್ಸೆಯಿಂದ ಹುಡುಗಿ ಇನ್ನೂ ಕೆಟ್ಟಳು ಎಂದು ಹೇಳಿದೆ. ಹೇಳುವಾಗ ನನ್ನ ಅನುಮಾನ ನಿಜವಾದದ್ದಕ್ಕೆ ಒಳಗೊಳಗೆ ಸಮಾಧಾನವೂ ಇತ್ತು.

"ಕೆಟ್ಟಾಳ ಅನ್ನೂದು ನೀ ಹೇಳಾಕತ್ತಿ. ಅಕಿ ಏನಂತಾಳ?" ಎಂದಳು ಗೆಳತಿ.

ಎರಡು ಶನಿವಾರ ತಪ್ಪಿದ ಮೇಲೆ ಹುಡುಗಿ ಕೆಳಗೆ ಇಳಿದಳು. ಬಹಳ ಹೊತ್ತು ಕೀಲಿಗಳ ಟಕಟಕ ಕೇಳಿತು. ಆಮೇಲೆ ಚಾದರ ಸರಿಸಿ ನನ್ನ ಕಡೆ ನೋಡದೆ, "ಮಾಮಾ, ಓದು" ಅಂದಳು. ಪರದೆಯ ಮೇಲೆ ಹೀಗಿತ್ತು:

"ಸೀಟಿ xx. ಹೇಳಾಕ ಬರೂರು xxxxxxxxxxxxxxxxxxxx. ಸೀಟಿ ಹೊಡದು ಮುಗಿತದ. ಅವರು ಹೇಳಿ ಹೋದ ಮ್ಯಾಲೆ ಹೊಡಿಯೂತನಕ ನಾ ಕಾಯಬೇಕು. ಕಾಯೂದು ಉದ್ದ."

ಕೆಳಗೆ ಗೆಳತಿಯ ಉತ್ತರವೂ ಇತ್ತು. ಹೇಳಿರಿ ಎಂದವಳು ನಾನೇ, ಎಷ್ಟು ಎಂದು ಹೇಳಲಿಲ್ಲ, ನಿಮ್ಮ ಗಲ್ಲಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು. ಹುಡುಗಿಯೊಬ್ಬಳಿಗೆ ಡಾಕ್ಟರು ಹೀಗೆ ಬರೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಈಗ ಗಲ್ಲಿಯವರಿಗೆ ಬರಬೇಡಿ ಎಂದು ಹೇಳಬೇಕಾಗಿತ್ತು. ಅಕ್ಕ ಸಾಧ್ಯವೇ ಇಲ್ಲ ಅಂದಳು.

"ಪ್ರೀತಿಲೆ ಬಂದು ಹೇಳ್ತಾರ ತಮ್ಮಾ. ನಾಳೆ ನಮಗ ಏನರ ಆದ್ರ ಮೊದಲ ಓಡಿ ಬರೂರು ಅವರ. ಬರಬ್ಯಾಡ್ರಿ ಅಂತ ಯಾವ ಬಾಯಿಲೆ ಹೇಳ್ಲಿ? ನೀ ಹೇಳ್ತೀಯೇನು?"

ನಾನೂ ತಯಾರಿರಲಿಲ್ಲ. ಭಾವ ತಮಗೆ ಆಫೀಸಿದೆ ಎಂದರು. ಹುಡುಗಿ ಹೇಳಿದಳು, "ನಾ ಹೇಳ್ತೀನಿ." ಬಾಯಿಂದ ಹೇಳಿದಳೋ, ಟೈಪ್ ಮಾಡಿದ್ದನ್ನು ನಾನು ಓದಿದೆನೋ, ಈಗ ನಿರ್ಧರಿಸಲಾರೆ. ಅವಳ ದನಿಯಲ್ಲೇ ಕೇಳಿದಂತೆ ನೆನಪಿದೆ. ಆದರೆ ಟೈಪ್ ಮಾಡಿದ್ದನ್ನೂ ನಾನು ಆಗ ಅವಳ ದನಿಯಲ್ಲೇ ಓದುತ್ತಿದ್ದೆ.

ಅದಕ್ಕೆ ಕೆಲವು ವಾರ ತಯಾರಿ ನಡೆಯಿತು. ಚ್ಯಾಟಿನಲ್ಲಿ ಗೆಳತಿ ಕಾಕುವಾಗಿ ಮಾತಾಡುವುದು, ಹುಡುಗಿ ಉತ್ತರ ಕೊಡುವುದು. "ಬಾರವ್ವಾ, ಚಹಾ ಕುಡಿ." "ಚಹಾ ಬ್ಯಾಡ್ರಿ." "ಯಾಕ, ಸಿಟ್ಟೇನು?" "ಸಿಟ್ಟಿಲ್ರಿ." ಅದರ ಜೊತೆಗೆ ಮೆಟ್ಟಿಲಿಳಿದು ಓಣಿಯ ಬಾಗಿಲಲ್ಲಿ ನಿಂತು ಬರುವುದು, ಇನ್ನೊಂದು ದಿನ ಎದುರುಮನೆಯ ಕಟ್ಟೆ ಮುಟ್ಟಿ ಬರುವುದು. ಜೊತೆಗೆ ಯಾರೂ ಹೋಗಬಾರದು. ಅಕ್ಕನಿಗೆ ಇದೇ ನುಂಗಲಾರದ ತುತ್ತು. ನಮ್ಮಲ್ಲಿ ಹೆಣ್ಣುಮಗಳನ್ನು ಕಿರಾಣಿ ಅಂಗಡಿಗೂ ಜೊತೆ ಸೋಬತಿಲ್ಲದೆ ಕಳಿಸುವ ರೂಢಿಯಿಲ್ಲ. ಇಂಥ ಹುಡುಗಿಯನ್ನಂತೂ ಚಪ್ಪಲಿ ಹಾಕಿಕೊಳ್ಳುವಾಗಲೂ ಇಬ್ಬರು ಹಿಡಿದಿರುತ್ತಿದ್ದರು.

ಹುಡುಗಿ ಹೇಳಲು ಹೊರಟ ದಿನ ಅಕ್ಕ ಮೇಲಿನ ಕಿಟಕಿಯಲ್ಲಿದ್ದಳು, ನಾನು ಕೆಫೆಯ ಬಾಗಿಲಲ್ಲಿ. ಹುಡುಗಿ ಒಂದೊಂದೇ ಬಾಗಿಲಿಗೆ ಹೋಗಿ ಚಿಲಕ ಬಡಿದಳು. ತೆಗೆದವರ ಮುಖ ನೋಡದೆ ಹೊಸ್ತಿಲನ್ನೇ ನೋಡುತ್ತ, "ಹೇಳಾಕ ಬರಬ್ಯಾಡ್ರಿ. ಸೀಟಿ ಹೊಡೀಲಿ" ಅಂದಳು. ಒಳಗೆ ಬಾ ಎಂದರೆ "ಚಹಾ ಬ್ಯಾಡ್ರಿ" ಎಂದು ಮುಂದಿನ ಬಾಗಿಲಿಗೆ. ಕೆಲವರು ನಕ್ಕರು. ಎದುರು ಮನೆಯವಳು ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು. ಕೊನೆಗೆ ಕಾಕುವಿನ ಬಾಗಿಲು.

"ಅಯ್ಯ ಶಿವನ! ನಾ ಏನ್ ತಪ್ಪ್ ಮಾಡೀನವ್ವಾ?" ಅಂದಳು ಕಾಕು. "ಹಂಗಾರ ನಾಳೆ ನಮ್ಮ ಮನಿಯವ್ರು ಸೀನಿದ್ರ ನಾ ಜವಾಬ್ದಾರ ಅಲ್ಲ ನೋಡು!"

ಇದು ತಯಾರಿಯಲ್ಲಿ ಇರಲಿಲ್ಲ. ಹುಡುಗಿ ಹೊಸ್ತಿಲನ್ನೇ ನೋಡುತ್ತಿದ್ದಳು.

"ಸೀನ್ಲಿ," ಅಂದಳು.

ಕಾಕುವಿಗೆ ನೋವಾಯಿತು. ಕೆಲವು ದಿನ ಹೆಪ್ಪಿಗೂ ಬರಲಿಲ್ಲ, ಬೇರೆ ಮನೆಯಿಂದ ತಂದಳು. ಆಮೇಲೆ ತಾನಾಗಿಯೇ ಬಂದು, ಆ ಮನೆಯ ಮೊಸರು ಹುಳಿ ಅಂದಳು. ಚಿಲಕದ ಸದ್ದು ಕಡಿಮೆಯಾಯಿತು, ಚಹಾ ಪುಡಿ ಉಳಿಯಿತು, ಹುಡುಗಿ ಊಟ ಮಾಡತೊಡಗಿದಳು. ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ತಿಂಗಳು ಗಲ್ಲಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಸಿಡಿದು, ಅವಳು ಮತ್ತೆ ಕಪಾಟಿನ ಸಂದಿ ಸೇರಿ ಹಲವು ದಿನ ಹೊರಬರಲಿಲ್ಲ. ಮುಗಿಯಿತು ಬಿಡು ಎಂದು ನಾನು ಗೆಳತಿಗೆ ಹೇಳಿದೆ.

"ಪೇಪರ್ ತಪಾಸಣಿ ಮಾಡ್ದಂಗ ಮಾಡಬ್ಯಾಡೋ," ಅಂದಳು ಅವಳು. "ಪಾಸು ನಾಪಾಸು ಇಲ್ಲಿದರಾಗ. ಸಿಡದದ್ದು ಖರೇ, ಅಂಜಿದ್ದು ಖರೇ. ನೀ ಅಲ್ಲಿದ್ರ ನೀನೂ ಅಂಜ್ತಿದ್ದಿ."

ಹೊಸ ದಾರಿ ಕಂಡದ್ದು ಗೂಡಿಗೆ ಇಳಿಬಿಟ್ಟ ಆ ಹಳೆಯ ಚಾದರದಿಂದ. ಗೆಳತಿ ಉತ್ತರ ಟೈಪ್ ಮಾಡುವ ಹೊತ್ತಿನಲ್ಲಿ ಹುಡುಗಿ ಅದರ ನವಿಲಿನ ವಿನ್ಯಾಸವನ್ನು ಚೌಕಳಿ ಕಾಗದಕ್ಕೆ ಇಳಿಸಿಕೊಂಡಿದ್ದಳು. ನವಿಲಿನ ಕತ್ತಿನ ಹತ್ತಿರ ನೇಯ್ಗೆಯಲ್ಲಿ ಒಂದು ತಪ್ಪಿತ್ತು. ಅವಳು ಕಾಗದದಲ್ಲಿ ಅದನ್ನು ತಿದ್ದಿ, ತಪ್ಪಿದ್ದ ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿದ್ದಳು. ಕೆಫೆಯ ಹುಡುಗನ ಅಣ್ಣ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ. ಕೈಗಾರಿಕಾ ವಸಾಹತಿನಲ್ಲಿ ಒಂದು ಚಾದರದ ಕಾರಖಾನೆಗೆ ಡಿಸೈನ್ ಬರೆಯುತ್ತಿದ್ದ. ಮಗ್ಗಕ್ಕೆ ಹೋಗುವ ಮುಂಚೆ ಹೂವು ಬಳ್ಳಿಗಳನ್ನು ಹೀಗೆಯೇ ಚೌಕಳಿ ಹಾಳೆಯ ಮೇಲೆ ತುಂಬುವ ಕೆಲಸ. ಕಾಗದ ನೋಡಿ ಅವನು ಮೇಲೆ ಬಂದ.

"ನಮ್ಮ ಆಫೀಸ್ನ್ಯಾಗ ಕೂಡಾಕ ಜಾಗ ಅದ್ರಿ ವಹಿನಿ," ಎಂದು ಅಕ್ಕನಿಗೆ ಹೇಳಿದ. "ಕಲಿಯೂದಿದ್ರ ಬರ್ಲಿ. ಆದ್ರ ಆಫೀಸ್ ಅಂದ್ರ ಶೆಡ್ಡಿನ ಒಳಗ. ಗ್ವಾಡಿ ಆಚಿ ಕಡೆ ಪವರ್‌ಲೂಮ್. ಆ ಸದ್ದಿನ್ಯಾಗ ನನ್ನ ಹೇಣ್ತಿ ಒಂದ್ ಸಲ ಬಂದಾಕಿ ಮತ್ತ ಬಂದಿಲ್ಲ."

ಹುಡುಗಿ ಹೋಗುತ್ತೇನೆ ಅಂದಳು. ಮುಂದಿನ ಶನಿವಾರಗಳಲ್ಲಿ ಚ್ಯಾಟಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಕ್ಕ ರಾದ್ಧಾಂತ ಮಾಡಿದಳು. ಕುಕ್ಕರಿಗೆ ಬೆಚ್ಚುವ ಮಗಳು ನೂರು ಮಗ್ಗ ಬಡಿಯುವ ಶೆಡ್ಡಿಗೆ ಹೋಗುವುದೆಂದರೇನು? ಅಲ್ಲಿ ಮಠದಲ್ಲಾದ ಹಾಗೆ ಆದರೆ ಅವಳು ಇನ್ನೆಂದೂ ಬಾಗಿಲು ದಾಟುವುದಿಲ್ಲ. ಈ ಸಲ ನಾನೂ ಅಕ್ಕನ ಪಕ್ಷದಲ್ಲಿದ್ದೆ. ಗೆಳತಿ ಹೌದೆಂದೂ ಇಲ್ಲವೆಂದೂ ಹೇಳದೆ, ಮಗ್ಗದ ಸದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ಬರಲು ಹೇಳಿದಳು. ಡಿಸೈನಿನವನು ತಂದುಕೊಟ್ಟ. ಮೊದಲು ಸಣ್ಣಗೆ, ದಿನ ಕಳೆದಂತೆ ದೊಡ್ಡದಾಗಿ ಹಾಕಿದರು. ಹುಡುಗಿ ಟೇಪ್ ರೆಕಾರ್ಡರಿನ ಪಕ್ಕದಲ್ಲಿ ಕೂತು ಚೌಕ ತುಂಬುತ್ತಿದ್ದಳು. ಅಕ್ಕನಿಗೆ ತಲೆನೋವು ಬಂದು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎಷ್ಟು x ಎಂದು ಗೆಳತಿ ಕೇಳಿದರೆ ಬಂದ ಉತ್ತರ, "ಇಲ್ಲ. ಇದು ನಿಂದರೂದಿಲ್ಲ. ಒಂದೇ ಸವನ ಅದ. ಕಾಯೂದಿಲ್ಲ."

ಕಾರಖಾನೆಗೆ ಹೋದ ದಿನ ರಿಕ್ಷಾ ಪ್ರಯಾಣವೇ ಅವಳಿಗೆ ಹೆಚ್ಚು ಕಷ್ಟವಾಯಿತು. ಹಾರ್ನ್ ಕೇಳಿದಾಗೆಲ್ಲ ನನ್ನ ತೋಳನ್ನು ಹಿಂಡುತ್ತಿದ್ದಳು. ಶೆಡ್ಡಿನೊಳಗೆ ಕಾಲಿಟ್ಟಾಗ ಆ ಸದ್ದು ಎದೆಗೇ ಬಡಿಯಿತು. ಸಾಲು ಸಾಲು ಮಗ್ಗ, ಗಾಳಿಯಲ್ಲಿ ಹತ್ತಿಯ ಧೂಳು. ಹುಡುಗಿ ಕಿವಿ ಮುಚ್ಚಲಿಲ್ಲ. ಗಾಜಿನ ಕಿಟಕಿಯ ಆಫೀಸಿನಲ್ಲಿ ಡಿಸೈನಿನವನು ತೋರಿಸಿದ ಮೇಜಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಕರೆಂಟು ಹೋಗಿ ಇಡೀ ಶೆಡ್ಡು ಒಮ್ಮೆಲೇ ಸುಮ್ಮನಾಯಿತು. ಆ ಮೌನಕ್ಕೆ ಅವಳ ಎರಡೂ ಕೈ ಕಿವಿಯತ್ತ ಹೋದವು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಕೈ ಅರ್ಧದಲ್ಲಿ ನಿಂತು ನಿಧಾನವಾಗಿ ಕೆಳಗಿಳಿದು ಮತ್ತೆ ಪೆನ್ಸಿಲು ಹಿಡಿದವು.

ಈ ದೃಶ್ಯವನ್ನು ನಾನು ಎಷ್ಟೋ ವರ್ಷ ಎಷ್ಟೋ ಜನಕ್ಕೆ ಹೇಳಿದ್ದೇನೆ. ಇದನ್ನು ಬರೆಯುವಾಗ ಒಮ್ಮೆ ಅವಳಿಗೇ ಓದಿ ತೋರಿಸೋಣ ಅನ್ನಿಸಿತು. ಅವಳಿಗೀಗ ನಡುವಯಸ್ಸು. ಚಾದರದ ಡಿಸೈನುಗಳನ್ನೇ ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಈಗಲೂ ಫೋನಿನಲ್ಲಿ ಮಾತಾಡುವುದಿಲ್ಲ, ಆದ್ದರಿಂದ ಎದುರಿಗೆ ಕೂತು ಓದಿದೆ. ಅವಳು ಗೋಡೆ ನೋಡುತ್ತ ಪೂರ್ತಿ ಕೇಳಿದಳು.

"ನೀ ಒಳಗ ಇರಲಿಲ್ಲ ಮಾಮಾ," ಅಂದಳು.

"ಇದ್ನಲ್ಲವ್ವಾ. ಕರೆಂಟ್ ಹೋದಾಗ ನೀ ಕೈ ಎತ್ತಿದ್ದಿ, ನಾ ನೋಡೀನಿ."

"ನೀ ಗೇಟಿನ ಹೊರಗ ಇದ್ದಿ. ನಮ್ಮವ್ವನೂ. ಹೊರಗ ಇರ್ರಿ ಅಂತ ನಾನ ಹೇಳಿದ್ದೆ."

"ಮತ್ತ ಒಳಗ ಏನಾತು?"

"ಏನಿಲ್ಲ. ಕರೆಂಟ್ ಹೋತು. ಬಂತು."

ಅಕ್ಕನನ್ನು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ಗೇಟ್ ಹತ್ರ ನಿನ್ನ ರುಮಾಲಿನ ಮ್ಯಾಲೆ ಕೂತಿದ್ದೆ ನಾ. ಮರತಿಯೇನು?" ಅಂದಳು.

ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ನನ್ನ ಪಾಠದ ಪ್ರಕಾರ ಅನುಮಾನ ಪಡಬೇಕಿತ್ತು. ಪಡಲಿಲ್ಲ. ಆ ಕೈಗಳ ನೆನಪನ್ನು ನನಗೆ ಯಾರು ಕೊಟ್ಟರೋ ತಿಳಿಯದು. ಡಿಸೈನಿನವನು ಹೇಳಿದ್ದಿರಬಹುದು. ಮೇಲಿನ ಆ ಸಾಲುಗಳನ್ನು ಹೊಡೆದುಹಾಕಬೇಕು ಎಂದುಕೊಂಡೆ. ಓದುವವರಿಗೆ ನನ್ನ ನೆನಪಿನ ಕೆಲಸ ಹೇಗಿದೆ ಎಂದು ತಿಳಿದಿರಲಿ ಎಂದು ಹಾಗೆಯೇ ಬಿಟ್ಟಿದ್ದೇನೆ. ಆಮೇಲೆ ಗೇಟಿನ ಹೊರಗೆ ಏನಿತ್ತು ಎಂದು ಕೂತು ನೆನಪಿಸಿಕೊಂಡೆ.

ಒಂದು ಬೇವಿನ ಗಿಡ ಇತ್ತು. ಒಂದು ಚಹಾದ ಗಾಡಿ. ಅಕ್ಕ ನನ್ನ ರುಮಾಲು ಹಾಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಹುಡುಗಿಯ ಭಕ್ಕರಿಯ ಡಬ್ಬಿ. ನಾನು ಗೇಟಿನಿಂದ ಗಿಡಕ್ಕೆ, ಗಿಡದಿಂದ ಗೇಟಿಗೆ ಓಡಾಡುತ್ತಿದ್ದೆ. ಶೆಡ್ಡಿನ ಸದ್ದು ರಸ್ತೆಯ ತನಕ ಬರುತ್ತಿತ್ತು. ಒಮ್ಮೆಲೇ ಅದು ನಿಂತಿತು. ಚಹಾದವನ ಸ್ಟೋವಿನ ಸದ್ದು ಕೇಳಿಸತೊಡಗಿತು.

ಅಕ್ಕ ಎದ್ದು ನಿಂತಳು. "ಅಕಿಗಿ ಹೇಳಿಲ್ಲ," ಅಂದಳು. "ಕರೆಂಟ್ ಹೋಗ್ತದಂತ ಯಾರೂ ಹೇಳಿಲ್ಲ ಅಕಿಗಿ." ಡಬ್ಬಿ ಹಿಡಿದು ಗೇಟಿನ ಕಡೆ ನಡೆದಳು.

ನಾನು ಗೇಟಿನಲ್ಲಿದ್ದೆ. "ಕೂಡು ಅಕ್ಕಾ," ಎಂದಿರಬೇಕು. ಅಥವಾ ಅವಳೇ ನಿಂತಳು. ನಾವಿಬ್ಬರೂ ಒಳಗಿನಿಂದ ಮಠದಲ್ಲಿ ಕೇಳಿದ ಆ ಕಿರುಚು ಬರುತ್ತದೆಯೇ ಎಂದು ಕಿವಿಗೊಟ್ಟು ನಿಂತಿದ್ದೆವು. ಬರಲಿಲ್ಲ. ಅಕ್ಕ ಹಿಂದಕ್ಕೆ ಹೋಗಿ ರುಮಾಲಿನ ಮೇಲೆ ಕೂತಳು. ಡಬ್ಬಿಯನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಳು.

ಎಷ್ಟೋ ಹೊತ್ತಿಗೆ ಒಳಗೆ ಒಂದು ಮಗ್ಗ ಶುರುವಾಯಿತು. ಅದರ ಹಿಂದೆ ಇನ್ನೊಂದು.